‘ಸ್ವಲ್ಪ ಬುದ್ಧಿ ಹೇಳ್ರಿ’ ಅಂತ ಕರೆತಂದಾಗ

ಆಡಕಿ, ಮುಧೋಳ, ಕೋಡ್ಲಾ ಕಡೆಯ ಹಳ್ಳಿಗಳಿಂದ ಸೇಡಂ ತಾಲ್ಲೂಕು ಆಸ್ಪತ್ರೆಗೆ ಬರುವವರಲ್ಲಿ ಆಪ್ತ ಸಮಾಲೋಚಕರ ಎದುರು ತಾವಾಗಿಯೇ ಬಂದು ಕೂರುವವರು ಕಡಿಮೆ. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯಲ್ಲೂ ಅಷ್ಟೇ. ಯಾರೋ ಕರೆದುಕೊಂಡು ಬಂದಿರುತ್ತಾರೆ. ತಾಯಿ ಮಗನನ್ನು, ಗಂಡ ಹೆಂಡತಿಯನ್ನು, ಅತ್ತೆ ಸೊಸೆಯನ್ನು, ಹಾಸ್ಟೆಲ್ ವಾರ್ಡನ್ ಹುಡುಗಿಯನ್ನು. ಮೊದಲ ಮಾತೂ ಕರೆತಂದವರದೇ: ‘ಇವಂಗ ಸ್ವಲ್ಪ ಬುದ್ಧಿ ಹೇಳ್ರಿ ಮೇಡಂ, ನಮ್ಮ ಮಾತ ಕೇಳವಲ್ಲ.’

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ತಡವರಿಸುವುದೇ ಇಲ್ಲಿ. ನೀವು ಸ್ನೇಹ ಕ್ಲಿನಿಕ್ಕಿನಲ್ಲಿ ಹದಿಹರೆಯದವರ ಜೊತೆ ಕೆಲಸ ಮಾಡುವವರಿರಬಹುದು, ಐಸಿಟಿಸಿಯಲ್ಲಿ ಎಚ್‌ಐವಿ ಪರೀಕ್ಷೆಗೆ ಮೊದಲೂ ಆಮೇಲೂ ಮಾತಾಡುವವರಿರಬಹುದು, ಸಾಂತ್ವನ ಕೇಂದ್ರದಲ್ಲಿ ಏಟು ತಿಂದು ಬಂದ ಹೆಣ್ಣುಮಗಳ ಮಾತು ಕೇಳುವವರಿರಬಹುದು, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರ ಪಕ್ಕದ ಕುರ್ಚಿಯವರಿರಬಹುದು. ಬಂದವರ ವಿಶ್ವಾಸ ಗಳಿಸಿ ಎಂದು ತರಬೇತಿಯಲ್ಲಿ ಹೇಳಿರುತ್ತಾರೆ. ಆದರೆ ಇಲ್ಲಿ ‘ಬಂದವರು’ ಯಾರು? ಮಾತಾಡುತ್ತಿರುವ ತಾಯಿಯೋ, ನೆಲ ನೋಡುತ್ತಾ ಕೂತ ಮಗನೋ?

ಒಬ್ಬ ಹುಡುಗನನ್ನು ಎದುರಿಗಿಟ್ಟುಕೊಂಡು ನೋಡೋಣ. ಪಾಠಕ್ಕೆಂದು ಹಲವರ ಕತೆ ಕೂಡಿಸಿ ಕಟ್ಟಿದವನು, ಆದ್ದರಿಂದ ಹೆಸರು ಬೇಡ. ವಯಸ್ಸು 22, ಐಟಿಐ ಮುಗಿಸಿದ್ದಾನೆ, ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ, ಬಿಟ್ಟಿದ್ದಾನೆ. ಹಗಲೆಲ್ಲ ಮಲಗುತ್ತಾನೆ, ರಾತ್ರಿ ಮೊಬೈಲ್ ಹಿಡಿದು ಕೂರುತ್ತಾನೆ, ಊಟದ ಹೊತ್ತಿಗೆ ಸಿಡುಕುತ್ತಾನೆ. ಇಷ್ಟೂ ತಾಯಿಯ ಬಾಯಿಂದ ಬಂದದ್ದು. ಅವನು ಇನ್ನೂ ಬಾಯಿ ಬಿಟ್ಟಿಲ್ಲ.

ಪುಸ್ತಕ ಓದಿ ಬಂದವರು ಇಲ್ಲಿ ಮಾಡುವುದು ತಾಯಿಯನ್ನು ಹೊರಗೆ ಕೂರಿಸುವುದು. ಆಕೆ ಆ ದಿನದ ಕೂಲಿ ಬಿಟ್ಟು ಬಂದಿದ್ದಾಳೆ. ಬಾಗಿಲಾಚೆ ಕಳಿಸಿದರೆ ಮುಂದಿನ ವಾರ ಹುಡುಗನನ್ನು ಹೊರಡಿಸುವವರು ಯಾರು? 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಮಂದಿಯನ್ನು ಜೊತೆಗಿರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಮನೆಯವರನ್ನು ಚಿಕಿತ್ಸೆಯ ಒಳಗೇ ಇಟ್ಟುಕೊಂಡು ಬಂದ ಸಂಸ್ಥೆ. ಒಬ್ಬರ ಎದುರು ಒಬ್ಬರು, ಮುಚ್ಚಿದ ಬಾಗಿಲು ಎಂಬ ವಿದೇಶಿ ಪಾಠ ನಮಗೆ ಅರ್ಧ ಮಾತ್ರ ಹೊಂದುತ್ತದೆ. ಹಾಗೆಂದು ತಾಯಿಯನ್ನು ಕೊನೆಯವರೆಗೂ ಕೂರಿಸಿಕೊಂಡರೆ ಹುಡುಗ ಮಾತಾಡುವುದಿಲ್ಲ. ಆದ್ದರಿಂದ ಆಕೆಯ ಮಾತನ್ನು ಅವನ ಎದುರಿಗೇ ಪೂರ್ತಿ ಕೇಳಿ, ನಡುವೆ ತಡೆಯಬೇಡಿ, ಆಮೇಲೆ ಹೇಳಿ: ‘ಯವ್ವಾ, ನೀವು ಹೇಳಿದ್ದು ತಿಳೀತು. ಈಗ ಇವರ ಜೋಡಿ ಸ್ವಲ್ಪ ಮಾತಾಡ್ತೀನಿ. ಆಮ್ಯಾಲ ಮೂರೂ ಮಂದಿ ಕೂಡೇ ಕೂಡೋಣ.’ ಆ ಕೊನೆಯ ಮಾತು ಮರೆಯಬೇಡಿ. ಮತ್ತೆ ಒಳಗೆ ಕರೆಯುತ್ತಾರೆ ಎಂಬ ಖಾತರಿ ಇದ್ದರೆ ಆಕೆ ನಿಶ್ಚಿಂತೆಯಿಂದ ಹೊರಗೆ ಕೂರುತ್ತಾಳೆ.

ಈಗ ಕೋಣೆಯಲ್ಲಿ ನೀವಿಬ್ಬರೇ. ಅವನ ಲೆಕ್ಕದಲ್ಲಿ ನೀವು ತಾಯಿಯ ಕಡೆಯವರು. ಅದನ್ನು ನೀವೇ ಮುರಿಯಬೇಕು. ‘ನಿಮ್ಮವ್ವ ಬುದ್ಧಿ ಹೇಳ್ರಿ ಅಂದ್ರು. ನಾ ಅದಕ್ಕ ಕುಂತಿಲ್ಲ. ನಿಮಗ ಏನು ತ್ರಾಸ ಆಗ್ಯಾದ ಅಂತ ಕೇಳ್ಬೇಕಂತ ಕುಂತೀನಿ.’ ಅವನು ‘ಏನಿಲ್ರಿ’ ಎನ್ನುತ್ತಾನೆ. ನೂರಕ್ಕೆ ತೊಂಬತ್ತು ಸಲ ಉತ್ತರ ಅದೇ. ಹೊಸಬರಿಗೆ ಈ ‘ಏನಿಲ್ರಿ’ ತಡೆದುಕೊಳ್ಳಲಾಗುವುದಿಲ್ಲ. ಜೀವನ ದೊಡ್ಡದು, ತಂದೆ ತಾಯಿ ಕಷ್ಟಪಟ್ಟಿದ್ದಾರೆ ಎಂದು ಭಾಷಣ ಶುರುವಾಗುತ್ತದೆ. ತಡೆಯಿರಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಉತ್ತರ ಕೊಡಲು ಕಷ್ಟವಿಲ್ಲದ ಸಣ್ಣ ಪ್ರಶ್ನೆ ಕೇಳಿ. ಕಾರ್ಖಾನೆಯಲ್ಲಿ ಯಾವ ಪಾಳಿ ಇತ್ತು? ರಾತ್ರಿ ಪಾಳಿಯಿದ್ದಾಗ ಮನೆ ಮುಟ್ಟುತ್ತಿದ್ದದ್ದು ಎಷ್ಟಕ್ಕೆ? ಹಗಲು ಮಲಗಲು ಮನೆಯಲ್ಲಿ ಜಾಗ ಇತ್ತೇ? ಇಂಥ ಎರಡು ಮೂರು ಪ್ರಶ್ನೆಗಳ ನಂತರ ಅವನಾಗಿಯೇ ಹೇಳಬಹುದು: ‘ಹಗಲಿಗೂ ನಿದ್ದಿ ಬರವಲ್ದ್ರಿ. ಬರೇ ಮಕ್ಕೊಂಡಿರ್ತೀನಿ ಅಷ್ಟೇ.’

ತಾಯಿಗೆ ಬೇಕಾದದ್ದು ಮಗ ಕೆಲಸಕ್ಕೆ ಹೋಗುವುದು. ಮಗನಿಗೆ ಬೇಕಾದದ್ದು ನಿದ್ದೆ. ನೀವು ಕೆಲಸದ ಮಾತೆತ್ತಿದರೆ ತಾಯಿಯ ವಕೀಲರಾಗುತ್ತೀರಿ, ನಿದ್ದೆಯ ಮಾತೆತ್ತಿದರೆ ಅವನ ಜೊತೆಗಾರರಾಗುತ್ತೀರಿ. ನಿದ್ದೆ ಬಂದರೆ ಕೆಲಸದ ಮಾತೂ ಮುಂದೆ ಬಂದೀತು. ಮೂವರೂ ಮತ್ತೆ ಕೂಡಿದಾಗ ತಾಯಿಗೆ ಹೇಳಬೇಕಾದದ್ದೂ ಇದೇ, ಅದೂ ಅವನನ್ನು ಕೇಳಿಕೊಂಡು: ಮೊದಲು ನಿದ್ದೆ ಸರಿ ಮಾಡೋಣ.

ಸಮಾಲೋಚಕರ ಮತ್ತು ಬಂದವರ ನಡುವಿನ ಸಂಬಂಧ ಎಂದರೆ ಏನು ಎಂಬುದಕ್ಕೆ ಎಡ್ವರ್ಡ್ ಬೋರ್ಡಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1979ರಲ್ಲಿ ಕೊಟ್ಟ ವಿವರಣೆ ಇವತ್ತಿಗೂ ಪಾಠಕ್ಕೆ ಅನುಕೂಲ. ಅವನ ಪ್ರಕಾರ ಅದರಲ್ಲಿ ಮೂರು ಸಂಗತಿಗಳಿವೆ. ಯಾವ ಗುರಿಗೆಂದು ಕೂಡಿದ್ದೇವೆ ಎಂಬುದರಲ್ಲಿ ಒಪ್ಪಿಗೆ, ಅದಕ್ಕಾಗಿ ಏನು ಮಾಡುತ್ತೇವೆ ಎಂಬುದರಲ್ಲಿ ಒಪ್ಪಿಗೆ, ಮತ್ತು ಇಬ್ಬರ ನಡುವಿನ ವಿಶ್ವಾಸ. ಹೊಸಬರು ಮೂರನೆಯದನ್ನಷ್ಟೇ ಸಂಬಂಧ ಎಂದುಕೊಳ್ಳುತ್ತಾರೆ. ನಗುನಗುತ್ತಾ ಮಾತಾಡುವುದು, ಮೆತ್ತಗಿನ ದನಿ, ‘ನಾನಿದ್ದೀನಿ’ ಎಂಬ ಭರವಸೆ. ಗುರಿಯ ಒಪ್ಪಿಗೆಯಿಲ್ಲದ ಸಿಹಿಮಾತು ಎರಡನೆಯ ಭೇಟಿಯವರೆಗೂ ಬಾಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬೋರ್ಡಿನ್ನನಿಗಿಂತ ಮುಂಚೆ, 1957ರಲ್ಲಿ, ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಒಂದು ಹೆಸರಾದ ಲೇಖನ ಬರೆದ. ಬಂದವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಅವರ ಜಾಗದಲ್ಲಿ ನಿಂತು ತಿಳಿಯುವುದು, ಸ್ವತಃ ನಾಟಕವಿಲ್ಲದೆ ಇರುವುದು, ಇವು ಬದಲಾವಣೆಗೆ ಬೇಕೇ ಬೇಕು, ಇವಿದ್ದರೆ ಸಾಕು ಎಂಬುದು ಅವನ ವಾದ. ‘ಬೇಕು’ ಎಂಬುದನ್ನು ಹಲವರು ಒಪ್ಪಿದರು, ‘ಸಾಕು’ ಎಂಬುದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. 2018ರಲ್ಲಿ ಫ್ಲೂಕಿಗರ್ ಎಂಬ ಸಂಶೋಧಕ ಮತ್ತು ಜೊತೆಗಾರರು 295 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಫಲಿತಾಂಶಗಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ 8ರಷ್ಟು ಈ ಸಂಬಂಧದ ಗಟ್ಟಿತನದ ಜೊತೆ ಹೊಂದಿಕೊಂಡಿತ್ತು. ಶೇ 8 ಕಡಿಮೆಯೆನಿಸಬಹುದು. ಬಡತನ, ಮನೆಯ ಜಗಳ, ಕಾಯಿಲೆಯ ತೀವ್ರತೆ ಯಾವುದೂ ನಿಮ್ಮ ಕೈಯಲ್ಲಿಲ್ಲ; ಇದಾದರೂ ಇದೆ.

ಎರಡನೆಯ ಒಪ್ಪಿಗೆಯನ್ನು, ಅಂದರೆ ಏನು ಮಾಡುವುದು ಎಂಬುದನ್ನು, ನಮ್ಮಲ್ಲಿ ಬಂದವರ ಜೊತೆ ಯಾರೂ ಮಾತಾಡುವುದಿಲ್ಲ. ತರಬೇತಿಯಲ್ಲಿ ಕಲಿತ ಉಸಿರಾಟದ ವ್ಯಾಯಾಮವನ್ನು ಎಲ್ಲರಿಗೂ ಹಂಚಿಬಿಡುತ್ತೇವೆ. ಶಹಾಬಾದ ಕಲ್ಲಿನ ಖಣಿಯಲ್ಲಿ ದಿನವಿಡೀ ದುಡಿದು, ಆರು ಮಂದಿ ಮಲಗುವ ಒಂದೇ ಕೋಣೆಗೆ ಮರಳುವವನಿಗೆ ಕಣ್ಣು ಮುಚ್ಚಿ ಕೂರುವ ಜಾಗ ಎಲ್ಲಿ? ಅದನ್ನು ಅವನಿಂದಲೇ ಕೇಳಿ. ‘ಖಣಿಗಿ ಹೋಗೋ ದಾರ್ಯಾಗ ಮಾಡ್ತೀನ್ರಿ’ ಎಂದು ಅವನು ಹೇಳಿದರೆ ಅದು ಮಾಡುವ ಮಾತು. ನೀವು ಹೇಳಿದ್ದಕ್ಕೆ ‘ಹೂಂ’ ಎಂದಷ್ಟೇ ಅಂದರೆ ಅದು ಮಾಡದ ಮಾತು.

ಇನ್ನು ಕರೆಯುವ ರೀತಿ. ನಿಮ್ಮನ್ನು ಅಕ್ಕಾ, ಅಣ್ಣಾ, ಅಕ್ಕೋರೆ ಎಂದೇ ಕರೆಯುತ್ತಾರೆ. ಕೆಲವು ಕೈಪಿಡಿಗಳಲ್ಲಿ ಹಾಗೆ ಕರೆಸಿಕೊಳ್ಳಬಾರದು, ವೃತ್ತಿಯ ಅಂತರ ಇರಬೇಕು ಎಂದಿರುತ್ತದೆ. ಆಡಕಿಯ ಅಜ್ಜಿಗೆ ‘ನನ್ನನ್ನು ಅಕ್ಕ ಅನ್ನಬೇಡಿ’ ಎಂದು ಹೇಳಿ ನೋಡಿ, ಆಕೆ ಎದ್ದೇ ಹೋಗುತ್ತಾಳೆ. ಅಕ್ಕ ಅನ್ನಿಸಿಕೊಳ್ಳಿ, ಅಕ್ಕನ ಅಧಿಕಾರ ಮಾತ್ರ ಬೇಡ. ಅಕ್ಕ ಗದರಿಸಬಹುದು, ‘ನನ್ನ ಮೇಲೆ ಆಣೆ ಮಾಡು’ ಎನ್ನಬಹುದು, ತಂಗಿಯ ಗಂಡನಿಗೆ ಫೋನ್ ಹಚ್ಚಿ ಜಗಳವಾಡಬಹುದು. ನೀವು ಇದ್ಯಾವುದನ್ನೂ ಮಾಡುವ ಹಾಗಿಲ್ಲ. ನಿಮ್ಮ ಕಡೆಯಿಂದ ಮಾತ್ರ ಎಲ್ಲರಿಗೂ ‘ನೀವು’ ಇರಲಿ, ಹದಿನೇಳರ ಹುಡುಗಿಗೂ. ತಾಂಡಾದ ಹೆಣ್ಣುಮಗಳು, ಕೇರಿಯಿಂದ ಬಂದ ಮುದುಕ ಸರ್ಕಾರಿ ಕಚೇರಿಗಳಲ್ಲಿ ‘ನೀ’ ಕೇಳಿ ಕೇಳಿ ರೂಢಿಯಾದವರು. ನೀವು ‘ಕೂಡ್ರಿ’ ಎಂದು ಕುರ್ಚಿ ತೋರಿಸಿದರೆ ಕೆಲವರು ನೆಲಕ್ಕೇ ಕೂರಲು ಹೋಗುತ್ತಾರೆ. ಕುರ್ಚಿಯ ಮೇಲೆ ಕೂರಿಸಿದ ಮೇಲೆಯೇ ಮಾತು ಶುರು ಮಾಡಿ. ವಿಶ್ವಾಸದ ಬಗ್ಗೆ ಬರೆದ ಪುಸ್ತಕಗಳಲ್ಲಿ ಈ ಕುರ್ಚಿಯ ಪ್ರಸ್ತಾಪ ಇರುವುದಿಲ್ಲ.

ಭಾಷೆಯದೂ ಒಂದು ಫಜೀತಿ. ತೆಲಂಗಾಣದ ಗಡಿ ಪಕ್ಕದಲ್ಲೇ ಇದೆ. ಒಂದೇ ಬೆಳಗಿನಲ್ಲಿ ಕನ್ನಡ, ತೆಲುಗು, ದಖ್ಖನಿ, ಲಂಬಾಣಿ ಎಲ್ಲವೂ ಬರುತ್ತವೆ. ಎದೆ ಹೊಡಕೊಳ್ಳುತ್ತದೆ, ಕೈಕಾಲು ಹರಿಯುತ್ತವೆ, ಜೀವಕ್ಕೆ ಸಮಾಧಾನವಿಲ್ಲ, ದಿಲ್ ಘಬರಾತಾ ಎಂದು ಅವರು ಹೇಳಿದರೆ ನೀವೂ ಅದೇ ಮಾತಿನಲ್ಲಿ ಮುಂದುವರಿಯಿರಿ. ಡಿಪ್ರೆಶನ್ ಎಂಬ ಹೆಸರು ಕಾಗದದ ಮೇಲಿರಲಿ. ಮಾತು ತಿಳಿಯದಿದ್ದರೆ ಜೊತೆಗೆ ಬಂದ ಮಗಳನ್ನು ದುಭಾಷಿ ಮಾಡಿಕೊಳ್ಳಬೇಡಿ. ತಾಯಿ ತನ್ನ ಗಂಡನ ವಿಷಯವನ್ನು ಹತ್ತು ವರ್ಷದ ಮಗಳ ಬಾಯಿಂದ ಹೇಳಿಸುವುದಿಲ್ಲ. ಆಶಾ ಕಾರ್ಯಕರ್ತೆ ಇದ್ದಾರಲ್ಲ ಎನ್ನಬಹುದು. ಆಕೆಯೂ ಅದೇ ಊರಿನವಳು. ‘ಇವರು ಕೂತರೆ ನಡೀತದ?’ ಎಂದು ಮೊದಲು ಕೇಳಿ, ಉತ್ತರಕ್ಕಿಂತ ಮುಖ ನೋಡಿ.

ಊರು ಸಣ್ಣದಾದಷ್ಟೂ ಗುಟ್ಟು ಕಾಯುವುದು ಕಷ್ಟ, ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮಹಾನಗರದಲ್ಲಿ ಸಮಾಲೋಚಕರೂ ಬಂದವರೂ ಆಮೇಲೆ ಎದುರುಬದುರಾಗುವುದು ಅಪರೂಪ. ಇಲ್ಲಿ ಅದೇ ಬಸ್ಸು, ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ತಾಂಡೂರಿಗೆ ಹೋಗುವ ಅದೇ ರೈಲು, ಅದೇ ಸಂತೆ. ನಿಮ್ಮ ಅತ್ತೆಯ ಊರು ಅವರ ಊರಿನ ಪಕ್ಕದಲ್ಲೇ ಇರಬಹುದು. ಬಂದವರಿಗೆ ಇದೆಲ್ಲ ಗೊತ್ತು. ಅವರು ನಿಮ್ಮನ್ನು ತೂಗುವುದು ನೀವು ಬೇರೆಯವರ ಬಗ್ಗೆ ಆಡುವ ಮಾತಿನಿಂದ. ‘ನಿನ್ನೆ ನಿಮ್ಮ ಊರಿನವರೇ ಒಬ್ಬರು ಬಂದಿದ್ರು’ ಎಂದು ಹೆಸರಿಲ್ಲದೆ ಅಂದರೂ ಸಾಕು, ಇವರು ಬಾಯಿ ಮುಚ್ಚಿಬಿಡುತ್ತಾರೆ. ನಾಳೆ ತಮ್ಮ ವಿಷಯವೂ ಹೀಗೇ ಹೊರಗೆ ಬೀಳುತ್ತದೆ ಎಂದು ಅವರಿಗೆ ತಿಳಿದುಹೋಗುತ್ತದೆ.

ಕಾನೂನು ನಿಮ್ಮ ಬೆನ್ನಿಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಅದೇ ವರ್ಷದ ಎಚ್‌ಐವಿ ಕಾಯ್ದೆಯೂ ಸೋಂಕಿನ ಮಾಹಿತಿ ಹೊರಗೆ ಹೋಗದಂತೆ ತಡೆಯುತ್ತದೆ. ಆದರೆ ಗುಟ್ಟಿಗೆ ಮಿತಿಗಳಿವೆ. ಜೀವಕ್ಕೆ ಅಪಾಯವಿದ್ದರೆ, ಬೇರೆಯವರಿಗೆ ಹಾನಿಯಾಗುವಂತಿದ್ದರೆ, ನ್ಯಾಯಾಲಯ ಕೇಳಿದರೆ ಹೇಳಬೇಕಾಗುತ್ತದೆ. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಈ ಮಿತಿಗಳನ್ನು ಮೊದಲ ಭೇಟಿಯಲ್ಲೇ, ಕತೆ ಹೊರಬರುವ ಮುಂಚೆಯೇ, ಸರಳವಾಗಿ ಹೇಳಿ: ‘ಇಲ್ಲಿ ಆಡಿದ ಮಾತು ನಾ ಹೊರಗ ಹೇಳಂಗಿಲ್ಲ, ನಿಮ್ಮ ಮನಿಯವರಿಗೂ ಇಲ್ಲ. ಆದ್ರ ನಿಮ್ಮ ಜೀವಕ್ಕ, ಇಲ್ಲ ಮತ್ತೊಬ್ಬರ ಜೀವಕ್ಕ ಕುತ್ತು ಬರ್ತದ ಅನಿಸಿದ್ರ ಹೇಳಬೇಕಾಗ್ತದ. ಹೇಳೂ ಮೊದಲ ನಿಮಗ ತಿಳಿಸ್ತೀನಿ.’ ಎದುರಿಗಿರುವವರು ಚಿಕ್ಕವರಾದರೆ, ಮಕ್ಕಳಿಗೆ ಯಾರಾದರೂ ಕೆಟ್ಟದ್ದು ಮಾಡಿದ್ದರೆ ಅದನ್ನೂ ಹೇಳಲೇಬೇಕಾಗುತ್ತದೆ ಎಂಬುದನ್ನು ಸೇರಿಸಿ. ಯಾರಿಗೂ ಹೇಳುವುದಿಲ್ಲ ಎಂದು ಮೊದಲು ಪೂರ್ತಿ ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಮಾತಿನ ಗುಟ್ಟು ಕಾಯ್ದೂ ಮೇಜಿನ ಮೇಲೆ ಬಿಟ್ಟುಕೊಡುವವರಿದ್ದಾರೆ. ರಿಜಿಸ್ಟರ್ ತೆರೆದೇ ಇರುತ್ತದೆ, ಮುಂದಿನವರು ಸಹಿ ಮಾಡುವಾಗ ಹಿಂದಿನವರ ಹೆಸರು ಓದುತ್ತಾರೆ. ಚಹಾ ತರುವ ಹುಡುಗ ಬಾಗಿಲು ತಟ್ಟದೆ ಒಳಗೆ ಬರುತ್ತಾನೆ. ಹೊರಗೆ ಸರತಿಯಲ್ಲಿರುವವರಿಗೆ ಕೇಳುವಂತೆ ಪೂರ್ತಿ ಹೆಸರು, ಊರು ಕೂಗುತ್ತಾರೆ. ಬೇರೆ ಕೋಣೆ ಸಿಗದಿದ್ದರೂ ಇದಿಷ್ಟನ್ನು ಇವತ್ತೇ ನಿಲ್ಲಿಸಬಹುದು.

ಹೊರಗೆ ಭೇಟಿಯಾದಾಗ ಏನು ಮಾಡುವುದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ನಮ್ಮ ಕಡೆ ಎದುರಿಗೆ ಬಂದವರನ್ನು ಮಾತಾಡಿಸದೆ ಹೋದರೆ ಅದು ಸೊಕ್ಕು. ಮಾತಾಡಿಸಿದರೆ ಪಕ್ಕದಲ್ಲಿದ್ದವರು ‘ಅವರು ನಿನಗ ಹ್ಯಾಂಗ ಗೊತ್ತು?’ ಎಂದು ಕೇಳುತ್ತಾರೆ. ‘ಸಂತ್ಯಾಗ ಕಂಡ್ರ ನಾ ಮೊದಲು ಮಾತಾಡ್ಸಂಗಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಮಾತಾಡ್ಸಿದ್ರ ಮಾತಾಡ್ತೀನಿ’ ಎಂದರೆ ಮುಗಿಯಿತು. ಹಾಗೆಯೇ ಆ ಹುಡುಗನ ತಾಯಿ ಬಾಗಿಲಲ್ಲೇ ತಡೆದು ‘ಏನಂದ ಅಂವ?’ ಎಂದು ಕೇಳಿಯೇ ಕೇಳುತ್ತಾಳೆ. ಅದಕ್ಕೆ ಏನು ಹೇಳಬೇಕೆಂದು ಹುಡುಗನ ಜೊತೆ ಒಳಗೇ ತೀರ್ಮಾನಿಸಿ. ‘ನಿದ್ದಿ ಇಲ್ಲಂದ್ರು, ಅದರದೇ ಮಾತಾಡಿದ್ವಿ’ ಎಂಬಷ್ಟು ಹೇಳಲು ಅವನೇ ಒಪ್ಪಬಹುದು. ತನ್ನ ವಿಷಯದಲ್ಲಿ ತನ್ನನ್ನು ಕೇಳಿ ಹೇಳಿದರು ಎಂಬುದು ಅವನ ಮಟ್ಟಿಗೆ ಹೊಸ ಅನುಭವ.

ಈಗ ಬುದ್ಧಿ ಹೇಳುವ ವಿಷಯ. ಸಲಹೆ ಕೊಡಬೇಡಿ, ಅವರೇ ದಾರಿ ಕಂಡುಕೊಳ್ಳಲಿ ಎಂಬ ಪಾಠ ಕಲಿತು ಬಂದವರು ಮೊದಲ ವಾರವೇ ಸೋಲುತ್ತಾರೆ. ಕೂಲಿ ಬಿಟ್ಟು ಬಂದವರನ್ನು ಬರೀ ‘ನಿಮಗೇನನ್ನಿಸುತ್ತದೆ?’ ಎಂದು ಕೇಳಿ ಕಳಿಸಿದರೆ ಅವರು ಮತ್ತೆ ಯಾಕೆ ಬರಬೇಕು? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ ಪ್ರಯಾಣ ಉಚಿತವಾದದ್ದು ಎರಡನೆಯ, ಮೂರನೆಯ ಭೇಟಿಗೆ ಅನುಕೂಲವೇ. ಗಂಡಸರಿಗೆ ಮಾತ್ರ ಟಿಕೆಟ್ಟೂ ಹೋಯಿತು, ಕೂಲಿಯೂ ಹೋಯಿತು. ಸಲಹೆಯ ಮಾತಿಗೇ ಮರಳಿದರೆ, ಜಸ್ವಂತ್ ಸಿಂಗ್ ನೇಕಿ ಎಂಬ ಮನೋವೈದ್ಯರು, ಪಂಜಾಬಿಯ ದೊಡ್ಡ ಕವಿಯೂ ಹೌದು, 1973ರಲ್ಲೇ ಬರೆದಿದ್ದರು: ಭಾರತದಲ್ಲಿ ಚಿಕಿತ್ಸಕರ ಮತ್ತು ಬಂದವರ ಸಂಬಂಧಕ್ಕೆ ಗುರು-ಚೇಲಾ ಸಂಬಂಧವೇ ಒಂದು ಮಾದರಿಯಾಗಬಲ್ಲದು. ಅದನ್ನು ಪೂರ್ತಿ ಒಪ್ಪಲು ನನಗೆ ಅಳುಕಿದೆ, ಏಕೆಂದರೆ ಗುರುವನ್ನು ಪ್ರಶ್ನಿಸುವವರು ಕಡಿಮೆ. ಆದರೆ ಅದರಿಂದ ಒಂದು ಮಾತು ತೆಗೆದುಕೊಳ್ಳಬಹುದು. ಮೊದಲ ದಿನ ಯಾರನ್ನೂ ಬರಿಗೈಲಿ ಕಳಿಸಬೇಡಿ. ನಿದ್ದೆ ಇಲ್ಲದವನಿಗೆ ಸಂಜೆಯ ಮೇಲೆ ಚಹಾ ಬಿಡಿ, ಏಳುವ ಹೊತ್ತನ್ನು ಒಂದೇ ಮಾಡಿಕೊಳ್ಳಿ ಎಂಬಷ್ಟು ಸಾಕು. ಮದುವೆ ಮುರಿಯಬೇಕೇ, ಊರು ಬಿಡಬೇಕೇ, ಗುಳೆ ಹೋಗಬೇಕೇ ಎಂಬಂಥ ದೊಡ್ಡ ತೀರ್ಮಾನಗಳಲ್ಲಿ ಮಾತ್ರ ನಿಮ್ಮ ನಾಲಿಗೆ ಹಿಡಿತದಲ್ಲಿರಲಿ.

ನಿಮ್ಮ ಹತ್ತಿರ ಬರುವ ಮುಂಚೆ ಅವರು ಮಠಕ್ಕೆ, ಗುಡಿಗೆ, ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೋಗಿ ಬಂದಿರಬಹುದು. ‘ಎಲ್ಲೆಲ್ಲಿ ಹೋಗಿದ್ರಿ?’ ಎಂದು ಗೌರವದಿಂದ ಕೇಳಿ. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂರುವ ‘ದವಾ-ದುವಾ’ ಎಂಬ ವ್ಯವಸ್ಥೆಯೇ ನಡೆದಿದೆ. ತಾಯತ ನೋಡಿ ನೀವು ಹುಬ್ಬೇರಿಸಿದರೆ ಮುಂದಿನ ಸಲ ತಾಯತ ಅಂಗಿಯ ಒಳಗೆ ಹೋಗುತ್ತದೆ, ಅದರ ಜೊತೆ ಇನ್ನೂ ಹಲವು ಸಂಗತಿಗಳು ಹೋಗುತ್ತವೆ.

ಸಾಯುವ ವಿಚಾರವನ್ನು ಕೇಳಲು ಹೊಸಬರಿಗೆ ಭಯ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ತಪ್ಪು, ಸಂಶೋಧನೆಗಳು ಅದನ್ನು ಸಮರ್ಥಿಸುವುದಿಲ್ಲ. ಸುತ್ತುಬಳಸದೆ ಕೇಳಿ: ‘ಜೀವಾ ಬ್ಯಾಡ ಅನ್ನೋಹಂಗ ಆಗ್ಯಾದೇನು? ಜೀವಾ ತಗೋಬೇಕು ಅಂತ ಅನಿಸ್ಯಾದೇನು?’ ಇಷ್ಟು ನೇರವಾಗಿ ಯಾರಾದರೂ ಕೇಳಿದರಲ್ಲ ಎಂದು ಎಷ್ಟೋ ಮಂದಿಗೆ ಹಗುರಾಗುತ್ತದೆ. ಹೌದು ಎಂದರೆ ಗಾಬರಿ ತೋರಿಸಬೇಡಿ, ಒಬ್ಬರೇ ಬಿಟ್ಟು ಎದ್ದುಹೋಗಬೇಡಿ. ನಮ್ಮದು ತೊಗರಿಯ ಸೀಮೆ, ಕಾಯಿಕೊರಕ ಹುಳಕ್ಕೆ ಹೊಡೆಯುವ ಎಣ್ಣೆ ಮನೆಮನೆಯಲ್ಲಿರುತ್ತದೆ. ಅದನ್ನು ಮನೆಯಿಂದ ದೂರ, ಬೇರೆಯವರ ಸುಪರ್ದಿಗೆ ಕೊಡಿಸುವುದು ಅವತ್ತೇ ಆಗಬೇಕಾದ ಕೆಲಸ. ಅದಕ್ಕೆ ಮನೆಯವರಿಗೆ ಹೇಳಲೇಬೇಕು, ಮತ್ತು ಹೇಳುವುದು ಬಂದವರಿಗೆ ತಿಳಿಸಿಯೇ. ಮೊದಲ ದಿನ ಹೇಳಿದ ಆ ಮಿತಿ ಈಗ ಉಪಯೋಗಕ್ಕೆ ಬರುತ್ತದೆ. ಮನೋವೈದ್ಯರ ಹತ್ತಿರ ಅವತ್ತೇ ಕಳಿಸಿ. ರಾತ್ರಿಯ ಹೊತ್ತಿಗೆ 14416 ಬರೆದುಕೊಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸೇವೆ ಅದು, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ಸ್ವಂತ ನಂಬರ್ ಕೊಡುವುದು ಒಳ್ಳೆಯ ಮನಸ್ಸಿನ ಕೆಲಸವೆನಿಸಬಹುದು. ಕೊಟ್ಟರೆ ನಡುರಾತ್ರಿ ಎತ್ತಲೇಬೇಕು, ಎತ್ತಲಾಗದ ಒಂದು ರಾತ್ರಿ ಬಂದೇ ಬರುತ್ತದೆ.

ಕೆಲವರು ಒಂದೆರಡು ಸಲ ಬಂದು ನಿಂತುಬಿಡುತ್ತಾರೆ. ತೊಗರಿ ರಾಶಿಯ ಸಮಯವಾಗಿದ್ದರೆ ಡಿಸೆಂಬರ್, ಜನವರಿಯಲ್ಲಿ ಬಾರದಿರುವುದಕ್ಕೆ ಕಾರಣ ಹುಡುಕಬೇಕಿಲ್ಲ. ಆದರೆ ಹಿಂದಿನ ಭೇಟಿಯಲ್ಲಿ ನಿಮ್ಮ ಯಾವುದೋ ಮಾತು ಚುಚ್ಚಿರಲೂಬಹುದು. ನಮ್ಮ ಜನ ಎದುರಿಗೆ ಸಿಟ್ಟು ತೋರಿಸುವುದಿಲ್ಲ, ‘ಆಯ್ತ್ರಿ’ ಎಂದು ತಲೆಯಾಡಿಸಿ ಎದ್ದುಹೋಗುತ್ತಾರೆ. ಆಯ್ತ್ರಿಗಳು ಹೆಚ್ಚಾದಾಗ, ಉತ್ತರಗಳು ಚಿಕ್ಕವಾದಾಗ ಅಲ್ಲೇ ಕೇಳಿ: ‘ನಾ ಅಂದದ್ದು ನಿಮಗ ಸರಿ ಬರಲಿಲ್ಲ ಅನಸ್ತದ. ಹೇಳ್ರಿ, ನನಗೇನೂ ಸಿಟ್ಟಿಲ್ಲ.’ ಸಂಬಂಧ ಬಿರುಕುಬಿಟ್ಟು ಮತ್ತೆ ಕೂಡುವುದರ ಬಗ್ಗೆ ಮನಶ್ಶಾಸ್ತ್ರಜ್ಞ ಜೆರೆಮಿ ಸಫ್ರನ್ ಮತ್ತು ಜೊತೆಗಾರರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಬಿರುಕು ಎಲ್ಲರ ಕೆಲಸದಲ್ಲೂ ಬರುತ್ತದೆ, ಸರಿಪಡಿಸಿಕೊಂಡವರಿಗೆ ಫಲ ಹೆಚ್ಚು ಎಂಬುದು ಅವರಿಗೆ ಕಂಡದ್ದು. ಬಂದವರ ಜೀವನದಲ್ಲಿ ದೊಡ್ಡವರು ಯಾರೂ ‘ನಾನು ಅಂದದ್ದು ತಪ್ಪಾಯಿತೇ?’ ಎಂದು ಅವರನ್ನು ಕೇಳಿಯೇ ಇರಲಿಕ್ಕಿಲ್ಲ.

ಸುಧಾರಿಸಿದವರು ಚೀಲದಲ್ಲಿ ತೊಗರಿಬೇಳೆ, ಜೋಳದ ರೊಟ್ಟಿ, ಶೇಂಗಾ ಹಿಂಡಿ ತರುತ್ತಾರೆ. ರೊಟ್ಟಿ ತಿನ್ನಿ, ದುಡ್ಡು ಮುಟ್ಟಬೇಡಿ. ಇದರ ಬಗ್ಗೆ ಇನ್ನೂ ಉದ್ದ ಚರ್ಚೆ ಬೇಕಿಲ್ಲ.

ಇದೆಲ್ಲ ದೊಡ್ಡ ಪದವಿ ಪಡೆದವರಿಗಷ್ಟೇ ಸಾಧ್ಯ ಎಂದು ಅಳುಕಬೇಡಿ. ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಆರೋಗ್ಯ ಕಾರ್ಯಕರ್ತರನ್ನೂ ತರಬೇತು ಮಾಡಿ ತೋರಿಸಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದೇ ಮಾದರಿಯ ಮೇಲೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್, 2024ರಲ್ಲಿ ಪದ್ಮಶ್ರೀ ಪಡೆದವರು, ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ರಾಶಿ ಪುಸ್ತಕ ಬರೆದರು, ಜನಸಾಮಾನ್ಯರನ್ನೇ ಆಪ್ತ ಸಲಹೆಗೆ ತರಬೇತು ಮಾಡಿದರು. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ‘ಸಂಗತ್’ ಸಂಸ್ಥೆಯವರು ಮನೋವೈದ್ಯಕೀಯದ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ಕಲಿಸಿ, ಖಿನ್ನತೆಯಿದ್ದವರ ಜೊತೆ ಆರರಿಂದ ಎಂಟು ಭೇಟಿ ನಡೆಸಿದರು. ಅದರಿಂದ ಪ್ರಯೋಜನವಾದದ್ದು 2017ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲಿಯ ಸಮಾಲೋಚಕರು ತಮ್ಮ ಭೇಟಿಗಳ ಧ್ವನಿಮುದ್ರಣವನ್ನು ಜೊತೆಯವರ ಮುಂದೆ ಹಾಕಿ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಂಕ ಕೊಡುತ್ತಿದ್ದರು.

ನಮ್ಮಲ್ಲಿ ಧ್ವನಿಮುದ್ರಣದ ಮಾತು ದೂರವೇ ಉಳಿಯಲಿ. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಸಮಾಲೋಚಕರು ತಿಂಗಳಿಗೊಮ್ಮೆ ಒಂದು ಕಡೆ ಕೂರಲು ಯಾರ ಆದೇಶವೂ ಬೇಕಿಲ್ಲ. ಬಂದವರ ಹೆಸರು, ಊರು, ಜಾತಿ, ಕಾರ್ಖಾನೆ ಯಾವುದನ್ನೂ ಹೇಳದೆ ಒಂದೊಂದು ಭೇಟಿಯ ಬಗ್ಗೆ ಮಾತಾಡಿ. ಚೆನ್ನಾಗಿ ಸುಧಾರಿಸಿದವರ ಕತೆ ಎಲ್ಲರೂ ತರುತ್ತಾರೆ, ಅದರಿಂದ ಕಲಿಯುವುದು ಕಡಿಮೆ. ರಿಜಿಸ್ಟರಿನಲ್ಲಿ ಯಾರ ಹೆಸರು ಕಂಡ ಕೂಡಲೇ ಇವತ್ತು ಇವರು ಬರದಿದ್ದರೆ ಸಾಕಪ್ಪ ಅನ್ನಿಸುತ್ತದೋ, ಅವರ ಭೇಟಿಯನ್ನೇ ಮೊದಲು ಎತ್ತಿಕೊಳ್ಳಿ.